ಒಳ್ಳೆ ದಿನ ನೋಡಿ ಪೋರ್ಟೊರಿಕೊಗೆ

ಈ ಸಲ ಪ್ರವಾಸದ ಸಂಪೂರ್ಣ ಉಸ್ತುವಾರಿ ನನ್ನದು ಎಂದು ನಾನು ಘೋಷಿಸಿದಾಗ ಅಮೆರಿಕದ ವಾಯುವ್ಯ ಮೂಲೆಯ ನಮ್ಮ ಟೋಟೆಮ್ ಲೇಕ್ ಅಪಾರ್ಟ್‌ಮೆಂಟಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕಿತ್ತು! ರೆಡ್ಮಂಡಿನಲ್ಲಿ ನಲವತ್ತು ಜನರ ಪ್ರಾಜೆಕ್ಟನ್ನು ದಡ ಮುಟ್ಟಿಸುವ ಈ ನಂಜುಂಡಸ್ವಾಮಿಗೆ ಹೆಂಡತಿ, ಮಗಳನ್ನು ಒಂದು ದ್ವೀಪ ಮುಟ್ಟಿಸುವುದು ಯಾವ ಮಹಾ ಕೆಲಸ? ಜಾಗ ಆರಿಸಿದ್ದು ಮಾತ್ರ ಹೆಂಡತಿ ಸೌಜನ್ಯ. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ. ಅಮೆರಿಕದ್ದೇ ದ್ವೀಪವಾದ್ದರಿಂದ, ವೀಸಾ ಮುದ್ರೆಯ ಅವಧಿ ಮುಗಿದು ದೇಶ ಬಿಟ್ಟರೆ ಮರಳಿ ಬರಲಾಗದೆಂದು ಹೆದರುವ ನಮ್ಮಂಥವರೂ ಹೋಗಿ ಬರಬಹುದು.

ಅಲ್ಲೊಂದು ಕೊಲ್ಲಿಯಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಆ ನೀರಿನಲ್ಲಿ ಕೋಟಿಗಟ್ಟಲೆ. ರಾತ್ರಿ ಹುಟ್ಟು ಹಾಕಿದರೆ ಸಾಕು, ನೀರು ನೀಲಿಯಾಗಿ ಹೊಳೆಯುತ್ತದೆ. ಸೌಜನ್ಯ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ ಪ್ರಾಜೆಕ್ಟ್ ಬರೆದದ್ದು ಆ ಜೀವಿಗಳ ಮೇಲೆಯೇ. ನೋಡಿದ್ದು ಮಾತ್ರ ಗಾಜಿನ ಸ್ಲೈಡಿನಲ್ಲಿ, ಸತ್ತವನ್ನು. ಆಮೇಲೆ ನನ್ನನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು. ಕೆಲಸ ಮಾಡುವ ಅನುಮತಿಯಿಲ್ಲದೆ ಒಂಬತ್ತು ವರ್ಷ ಮನೆಯಲ್ಲಿ ಕೂತಳು. ಈಗ ವುಡಿನ್‌ವಿಲ್ಲಿನ ವೈನರಿಯೊಂದರ ಲ್ಯಾಬಿನಲ್ಲಿ ದ್ರಾಕ್ಷಾರಸ ಪರೀಕ್ಷೆ ಮಾಡುತ್ತಾಳೆ. ಹದಿನಾಲ್ಕು ವರ್ಷದಲ್ಲಿ ತನಗೆಂದು ಅವಳು ಕೇಳಿದ್ದು ಇದೊಂದನ್ನೇ. ಒಂದು ಚೀಟಿಯಲ್ಲಿ ಕೊಲ್ಲಿಗೆ ಹೋಗುವ ರಾತ್ರಿಯ ತಾರೀಖು ಬರೆದು ಕೊಟ್ಟಳು.

"ಬೇರೆ ಏನು ಬೇಕಾದ್ರೂ ಮಾಡ್ಕೊಳ್ಳಿ. ಡೇಟ್ ಮಾತ್ರ ಇದೇ ಇರ್ಲಿ."

ಕ್ಯಾಲೆಂಡರ್ ನೋಡಿದೆ. ಎದೆ ಧಸಕ್ಕೆಂದಿತು. ಅಮಾವಾಸ್ಯೆ! ನಾನು ಇಂಜಿನಿಯರು, ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಸುಮ್ಮನೆ ಯಾಕೆ ಎಂದು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಅಮಾವಾಸ್ಯೆ ದಿನ ಮನೆ ಬಿಡಬೇಡಿ ಎಂದಳು. ನನಗೆ ಅಷ್ಟು ಸಾಕಾಯಿತು. ಇಡೀ ಪ್ರವಾಸವನ್ನೇ ಎತ್ತಿ ಹದಿನೈದು ದಿನ ಮುಂದಕ್ಕಿಟ್ಟೆ. ಭರ್ಜರಿ ಹುಣ್ಣಿಮೆ! ಮೇಲೆ ಚಂದ್ರ, ಕೆಳಗೆ ನೀಲಿ ನೀರು, ಒಂದೇ ಟಿಕೆಟ್ಟಿಗೆ ಎರಡು ಬೆಳಕು! ದೋಣಿಯವರ ವೆಬ್‌ಸೈಟಿನಲ್ಲಿ ಏನೋ ಎಚ್ಚರಿಕೆಯನ್ನು ಮಾರುದ್ದ ಬರೆದಿದ್ದರು. ಅದನ್ನೆಲ್ಲ ಪ್ರಪಂಚದಲ್ಲಿ ಯಾರು ಓದುತ್ತಾರೆ? ಓದಿ ಒಪ್ಪಿದ್ದೇನೆ ಎಂದು ಟಿಕ್ ಹಾಕಿದೆ.

ಸೌಜನ್ಯ ಹುಬ್ಬು ಗಂಟಿಕ್ಕಿದಳು. ಬೆಳದಿಂಗಳಿದ್ದರೆ ಹೊಳಪು ಕಾಣುವುದಿಲ್ಲವಲ್ಲ, ದೋಣಿಯವರನ್ನು ಕೇಳಿದಿರಾ ಎಂದಳು. ಕೇಳಿದೆ, ಯಾವ ದಿನವಾದರೂ ಒಂದೇ ಅಂತೆ ಎಂದು ನಾನು ಕಣ್ಣು ಮಿಟುಕಿಸದೆ ಹೇಳಿದೆ. ಪಾಪ, ನಂಬಿದಳು.

ದ್ವೀಪದಲ್ಲಿ ನನ್ನ ಎಕ್ಸೆಲ್ ಹಾಳೆಯದೇ ರಾಜ್ಯಭಾರ. ಜಲಪಾತಕ್ಕೆ ಇಪ್ಪತ್ತು ನಿಮಿಷ, ಗುಹೆಗೆ ಹದಿನೈದು, ಕಡಲತೀರಕ್ಕೆ ಸೆಲ್ಫಿಯೂ ಸೇರಿ ಅರ್ಧ ಗಂಟೆ. ಮಳೆಕಾಡಿಗೂ ಕರೆದುಕೊಂಡು ಹೋದೆ. ನಮ್ಮೂರಿನಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ಮಳೆಯಲ್ಲೇ ನೆನೆಯುವ ಜನ ನಾವು, ಮಳೆ ನೋಡಲು ಸುಮಾರು ನಾಲ್ಕು ಸಾವಿರ ಮೈಲಿ ಹಾರಿ ಬಂದಿದ್ದೆವು! ಹನ್ನೆರಡು ವರ್ಷದ ಮಗಳು ತೇಜಶ್ರೀ ಕಾರಿನಿಂದ ಇಳಿಯಲೇ ಇಲ್ಲ. ಸೌಜನ್ಯ ಯಾವುದಕ್ಕೂ ತಕರಾರು ತೆಗೆಯಲಿಲ್ಲ, ಅವಳ ಮನಸ್ಸೆಲ್ಲ ಕೊಲ್ಲಿಯ ಮೇಲಿತ್ತು.

ಹುಣ್ಣಿಮೆಯ ಸಂಜೆ ಕೊಲ್ಲಿಗೆ ಹೋದೆವು. ಚಂದ್ರ ಮೊದಲೇ ಬಂದು ಕಾಯುತ್ತಿದ್ದ. ಪುಣ್ಯಾತ್ಮ, ಪೇಪರ್ ಓದುವಷ್ಟು ಬೆಳಕು ಚೆಲ್ಲಿದ್ದ! ಇಡೀ ತಿಂಗಳಲ್ಲಿ ಇದೇ ಅತಿ ಕೆಟ್ಟ ದಿನ, ಎಚ್ಚರಿಕೆ ಓದಿ ಬಂದಿದ್ದೀರಲ್ಲ ಎಂದು ಗೈಡ್ ವಿನಯದಿಂದಲೇ ವಿಚಾರಿಸಿದ. ಸೌಜನ್ಯ ನನ್ನತ್ತ ಒಂದೇ ಒಂದು ಸಲ ನೋಡಿದಳು. ಆ ನೋಟಕ್ಕಿಂತ ಎರಡೇಟು ಬಿದ್ದಿದ್ದರೆ ಚೆನ್ನಾಗಿತ್ತು.

ಮಗಳು ಗೈಡಿನ ದೋಣಿಯಲ್ಲಿ, ನಾವಿಬ್ಬರೂ ಇನ್ನೊಂದರಲ್ಲಿ. ಸೌಜನ್ಯ ಹುಟ್ಟು ಹಾಕಿದಳು. ನೀರು ಕದಡಿತು, ಅಷ್ಟೇ. ಬಗ್ಗಿ ನೋಡಿದಳು, ಮತ್ತೆ ಹಾಕಿದಳು. ಮೈಸೂರಿನ ಕಾರಂಜಿ ಕೆರೆಯ ನೀರೇ ವಾಸಿ ಎನ್ನಬೇಕು, ಹಾಗಿತ್ತು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಕೂರುವವನೇ ನಾನು? ಚಂದ್ರನನ್ನೇ ಮರೆಮಾಡುತ್ತೇನೆಂದು ಚೀಲದಿಂದ ನನ್ನ ಬಿಳಿ ಪಂಚೆ ತೆಗೆದು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ದೋಣಿಯಲ್ಲಿ ಎದ್ದು ನಿಂತೆ.

"ಅಪ್ಪಾ, ಪ್ಲೀಸ್, ಸ್ಟಾಪ್," ಎಂದಳು ತೇಜಶ್ರೀ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ದೋಣಿ ಮಗುಚಿತು. ಸೌಜನ್ಯ ಒಂದು ಕಡೆ ಬಿದ್ದಳು, ನಾನು ಪಂಚೆಯ ಸಮೇತ ಬೋರಲು ದೋಣಿಯ ಕೆಳಗೆ ಸಿಕ್ಕಿಕೊಂಡೆ. ಅಲ್ಲಿ ಗಾಢ ಕತ್ತಲೆ. ಕೈ ಬಡಿದೆ. ಬೆರಳಿನ ಸುತ್ತ ನೀಲಿ ಕಿಡಿಗಳು ಚಿಮ್ಮಿದವು, ನೂರಾರು! ಎದೆ ಮಟ್ಟದ ನೀರಿನಲ್ಲಿ ಹೊರಗೆದ್ದವನೇ, ಮೂರ್ಖಶಿಖಾಮಣಿ, ನಾನು ನೋಡಿದೆ, ಹೊಳೆಯುತ್ತಿದೆ ಎಂದು ಕೂಗಿಬಿಟ್ಟೆ. ಅಷ್ಟರಲ್ಲಿ ಗೈಡ್ ಸೌಜನ್ಯಳನ್ನು ತನ್ನ ದೋಣಿಗೆ ಎತ್ತಿ ಕೂರಿಸಿಯಾಗಿತ್ತು. ಈ ನೀರಿಗೆ ಇಳಿಯುವುದು ನಿಷಿದ್ಧ, ಪ್ರವಾಸ ಇಲ್ಲಿಗೆ ಮುಗಿಯಿತು ಎಂದು ಎಲ್ಲರನ್ನೂ ದಡಕ್ಕೆ ತಿರುಗಿಸಿದ. ಒದ್ದೆ ಕೂದಲು ಮುಖಕ್ಕೆ ಅಂಟಿಕೊಂಡು ಸೌಜನ್ಯ ಅಳುತ್ತಿದ್ದಳು. ಬೆಳದಿಂಗಳಿನಲ್ಲಿ ಅದೊಂದು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಮನೆಗೆ ಮರಳಿ ನಾಲ್ಕು ದಿನ ಅವಳು ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ. ತಡೆಯಲಾರದೆ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಎಲ್ಲಾ ನಿನ್ನ ಅಮಾವಾಸ್ಯೆಯಿಂದಲೇ ಆದದ್ದು ಎಂದು ಅಪರಾಧವನ್ನು ನೀಟಾಗಿ ಆ ಕಡೆಗೆ ದಾಟಿಸಿದೆ.

"ಅವತ್ತು ಮನೆ ಬಿಡಬೇಡಿ ಅಂದೆ ಅಷ್ಟೇ ಕಣೋ," ಎಂದಳು ಅಮ್ಮ. "ಎರಡು ದಿನ ಮುಂಚೆ ಹೊರಟು ಅಲ್ಲೇ ಇದ್ದಿದ್ರೆ ನಾನೇನು ಬೇಡ ಅಂತಿದ್ನಾ? ನೀನು ಕೇಳಿದ್ಯಾ?"

"ಅವರು ಯಾರನ್ನೂ ಕೇಳಲ್ಲ ಅತ್ತೆ," ಎಂದಳು ಸೌಜನ್ಯ.

ನಾಲ್ಕು ದಿನದ ಮೌನ ಹೀಗೆ ಮುರಿಯಿತು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಕೋಣೆಗೆ ಹೋದಳು. ಅತ್ತೆ ಸೊಸೆ ಅರ್ಧ ಗಂಟೆ ಮಾತಾಡಿದರು. ಆಚೆ ಬಂದು, ಮುಂದಿನ ತಿಂಗಳು ತ್ರಯೋದಶಿ ದಿನ ಹೊರಡುತ್ತೇನೆ, ಅತ್ತೆಯೇ ದಿನ ನೋಡಿಕೊಟ್ಟರು ಎಂದಳು. ನಾನು ತಕ್ಷಣ ಉತ್ಸಾಹದಿಂದ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶುರು ಮಾಡಿದೆ.

"ಅದು ಬೇಡ," ಎಂದಳು. "ಟಿಕೆಟ್ ಮಾಡಿಸಿಯಾಯ್ತು. ಒಂದೇ."

ಅಮಾವಾಸ್ಯೆಯ ದಿನ ನಾನು ಮಗಳಿಗೆ ಉಪ್ಪಿಟ್ಟು ಕಲಕುತ್ತಿದ್ದಾಗ ಸೌಜನ್ಯಳಿಂದ ಒಂದು ಫೋಟೋ ಬಂತು. ತೆರೆದೆ. ಪೂರ್ತಿ ಕಪ್ಪು. ಬೆಳಕು ಹೆಚ್ಚಿಸಿದೆ, ಹಿಗ್ಗಿಸಿದೆ, ಕನ್ನಡಕ ಒರೆಸಿ ನೋಡಿದೆ. ಕಪ್ಪೇ. ಫೋಟೋ ಸರಿಯಾಗಿ ಬಂದಿಲ್ಲ, ಏನೂ ಕಾಣುತ್ತಿಲ್ಲ ಎಂದು ಬರೆದೆ. ಉತ್ತರ ಬಂತು:

"ಸರಿಯಾಗೇ ಬಂದಿದೆ. ಇಲ್ಲಿರೋರಿಗೆ ಮಾತ್ರ ಕಾಣೋದು."