ಇನ್ನು ನಲವತ್ತು ಕಿಲೋಮೀಟರು

ಕನ್ನಡಕದಂಗಡಿಯವನು ಆ ಭಾನುವಾರ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಬಾರದಿತ್ತು. ಎತ್ತಿದ. ಎತ್ತಿದವನು ಸುಮ್ಮನಿರದೆ ಆಯಿಲ್ ನೋಡುವ ಕಡ್ಡಿಯನ್ನೂ ಎಳೆದ. ಎಳೆದದ್ದು ಸಾಲದೆಂದು, ಅಂಗಡಿಯಲ್ಲಿ ಗಾಜು ಒರೆಸುವ ಹಾಲಿನಂಥ ಬಿಳಿ ಬಟ್ಟೆಗೆ ಅದನ್ನು ಒರೆಸಿದ. ಬಟ್ಟೆಯ ಮೇಲೆ ಮೂಡಿದ್ದು ಅಪ್ಪಟ ಕಾಡಿಗೆ. ಸಂಜೆ ಐದಕ್ಕೆ ಮಾವ ಬರುವವರಿದ್ದರು.

ಹೆಂಡತಿಯ ತಂದೆಯಾದ ಈ ಮಾವ ರೈಲು ಇಂಜಿನ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ತಮ್ಮ ಹಳೆಯ ಡೀಸೆಲ್ ಕಾರನ್ನು ಅಳಿಯನಿಗೆ ಕೊಟ್ಟಿದ್ದರು, ಎರಡನೇ ಕೀಲಿಯನ್ನು ಮಾತ್ರ ಕೊಟ್ಟಿರಲಿಲ್ಲ; ಮನಸ್ಸು ಬಂದಾಗ ಬಂದು ಕಾರು ತೆಗೆದುಕೊಂಡು ಹೋಗುತ್ತಿದ್ದರು. ಐದು ಸಾವಿರ ಕಿಲೋಮೀಟರು ತುಂಬುವುದೇ ತಡ, ಆಯಿಲ್ ಡಬ್ಬಿ, ಸ್ಪ್ಯಾನರ್ ಹಿಡಿದು ಪ್ರತ್ಯಕ್ಷರಾಗುತ್ತಿದ್ದರು. ಅವರು ಕಾರಿನ ಕೆಳಗೆ ಮಲಗುವುದು, ಅಳಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿಯುವುದು. "ಸ್ವಲ್ಪ ಎಡಕ್ಕೆ. ಎಡ ಅಂದ್ರೆ ಊಟ ಮಾಡದ ಕೈ!" ಎಂದು ಕೆಳಗಿನಿಂದ ಕೂಗಿದರೆ ಇಡೀ ಬೀದಿ ಕಿಟಕಿಗೆ ಬಂದು ನಿಲ್ಲುತ್ತಿತ್ತು. ಊರವರ ಕಣ್ಣಿನ ನಂಬರು ಹೇಳುವವನಿಗೆ ಎಡಬಲ ಗೊತ್ತಿಲ್ಲವೆಂದು ಬೀದಿಯ ಮಕ್ಕಳೂ ನಗುತ್ತಿದ್ದವು.

ಏಳು ವರ್ಷ ಟಾರ್ಚ್ ಹಿಡಿದು ಹಿಡಿದು ರೋಸಿಹೋದ ಮೇಲೆ ಅವನು ಬೈಪಾಸ್ ಫಿಲ್ಟರ್ ತಂದು ಹಾಕಿಸಿದ. ಕಾರಿನ ಮಾಮೂಲಿ ಫಿಲ್ಟರ್ ದಪ್ಪ ಕಸ ಹಿಡಿದು ಕೈತೊಳೆದುಕೊಂಡರೆ, ಇದು ಒಂದಿಷ್ಟು ಆಯಿಲನ್ನು ಪಕ್ಕದ ದಾರಿಗೆ ಎಳೆದುಕೊಂಡು, ಕಣ್ಣಿಗೆ ಕಾಣದ ಕಣವನ್ನೂ ಸೋಸಿ ವಾಪಸು ಬಿಡುತ್ತದೆ. ಹಾಗಾಗಿ ಆಯಿಲನ್ನು ಪದೇಪದೇ ಬದಲಾಯಿಸಬೇಕಾಗಿಲ್ಲ.

"ಸೋಸಿದ್ರೆ ಹಳೇದು ಹೊಸದಾಗತ್ತೇನಯ್ಯಾ?" ಎಂದು ಮಾವ ನಕ್ಕಿದ್ದರು. ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. "ಸರಿ, ಮೂವತ್ತು ಸಾವಿರ ಓಡಿಸು. ಅಲ್ಲೀವರೆಗೂ ಆಯಿಲ್ ಬದಲಾಯಿಸಬಾರದು. ಆಮೇಲೆ ಒಂದು ಶೀಶೆ ತೆಗೆದು ಲ್ಯಾಬಿಗೆ ಕಳಿಸೋಣ. ಚೆನ್ನಾಗಿದೆ ಅಂದ್ರೆ ಎರಡನೇ ಕೀಲಿ ನಿನಗೆ. ನಾನು ಸಾಯೋವರೆಗೂ ಆ ಬಾನೆಟ್ ಮುಟ್ಟಲ್ಲ. ಕೆಟ್ಟಿದೆ ಅಂದ್ರೆ ಫಿಲ್ಟರ್ ಕಿತ್ತು ಬಿಸಾಕೋದು, ನೀನು ಮತ್ತೆ ಟಾರ್ಚ್ ಹಿಡಿಯೋದು."

ಅದಾಗಿ ಎರಡು ವರ್ಷ. ಈಗ ಇನ್ನು ನಲವತ್ತು ಕಿಲೋಮೀಟರು ಮಾತ್ರ ಬಾಕಿ. ಸಂಜೆ ಇಬ್ಬರೂ ಒಂದು ಸುತ್ತು ಹೋಗಿ ಅದನ್ನು ಮುಗಿಸುವುದೆಂದು ಮಾತಾಗಿತ್ತು. ಇಷ್ಟು ದಿನ ಫಿಲ್ಟರನ್ನು ಗ್ಯಾರೇಜಿನವರೇ ನೋಡಿಕೊಂಡಿದ್ದರು. ಇವನು ಬಾನೆಟ್ ಎತ್ತಿದ್ದು ಇದೇ ಮೊದಲು.

"ಏನಪ್ಪಾ ಅದು, ಟಾರಾ?" ಕಾಂಪೌಂಡಿನ ಮೇಲೊಂದು ತಲೆ ಮೂಡಿತು. ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು.

"ಆಯಿಲ್ ಸಾರ್."

"ಆಯಿಲಾ! ಮೂವತ್ತೈದು ವರ್ಷ ಡೀಸೆಲ್ ಇಂಜಿನ್ ಪಕ್ಕದಲ್ಲೇ ನಿಂತು ಟಿಕೆಟ್ ಹರಿದವನು ನಾನು. ಇದು ಆಯಿಲ್ ಅಲ್ಲ, ಇಂಜಿನ್ನಿನ ಕರುಳು. ಎಲ್ಲಿ, ಆ ಬಟ್ಟೆ ಕೊಡು."

ಬೇಡ ಎನ್ನುವಷ್ಟರಲ್ಲಿ ಬಟ್ಟೆ ಬೀದಿಗಿಳಿದಿತ್ತು. ಹತ್ತು ನಿಮಿಷದಲ್ಲಿ ಎದುರುಮನೆಯ ಬಡಗಿ ಓಡಿ ಬಂದ. ಅವನಿಗೆ ಬೇರೆಯದೇ ಆಸೆ. "ಅಣ್ಣಾ, ಆ ಹಳೇ ಆಯಿಲ್ ಚೆಲ್ಲಬೇಡಿ, ನನಗೆ ಕೊಡಿ. ಬೇಲಿ ಕಂಬಕ್ಕೆ ಬಳಿದ್ರೆ ಗೆದ್ದಲು ಹತ್ರ ಸುಳಿಯಲ್ಲ."

"ಚೆಲ್ಲೋದೂ ಇಲ್ಲ, ಬದಲಾಯಿಸೋದೂ ಇಲ್ಲ. ಪಂದ್ಯ ಇದೆ," ಎಂದ ಕನ್ನಡಕದವನು. ಅವನ ಸ್ವರ ಅವನಿಗೇ ನಂಬಿಕೆಯಾಗುವಂತಿರಲಿಲ್ಲ.

"ಸೋತಾಯ್ತು ಬಿಡು," ಎಂದರು ಕಂಡಕ್ಟರು. "ಸೋಸಿದ ಆಯಿಲ್ ಹೇಗಿರಬೇಕು? ಜೇನಿನ ಹಾಗೆ ಫಳಫಳ ಅನ್ನಬೇಕು. ನಿನ್ನ ಫಿಲ್ಟರ್ ಎರಡು ವರ್ಷ ಮಲಗಿ ಎದ್ದಿದೆ."

ಮಧ್ಯಾಹ್ನ ಕನ್ನಡಕದವನು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕೂತರೆ ಟಾರ್ಚ್ ಕಾಣುತ್ತಿತ್ತು, ನಿಂತರೆ "ಎಡ ಅಂದ್ರೆ ಎಡ" ಕೇಳಿಸುತ್ತಿತ್ತು. ಎಂಟು ಸಲ ಹೊರಗೆ ಹೋಗಿ ಕಡ್ಡಿ ಎಳೆದು ನೋಡಿದ. ಎಂಟು ಸಲವೂ ಅದೇ ಕಪ್ಪು.

"ಹೊಟ್ಟೆ ಸರಿ ಇಲ್ವಾ?" ಎಂದಳು ಹೆಂಡತಿ.

"ಇಂಜಿನ್ ಸರಿ ಇಲ್ಲ."

"ಅಪ್ಪಂಗೆ ಫೋನ್ ಮಾಡ್ಲಾ?"

"ಬೇಡ!" ಎಂದು ಅವನು ಕಿರುಚಿದ ರಭಸಕ್ಕೆ ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಮೂರು ಗಂಟೆಗೆ ಹೆಂಡತಿ ಮಲಗಿದಳು. ಅವನು ಕಳ್ಳಹೆಜ್ಜೆಯಲ್ಲಿ ಹೋಗಿ ಹೊಸ ಆಯಿಲ್ ತಂದು ಕಾರಿನ ಕೆಳಗೆ ನುಸುಳಿದ. ಪಾಪ, ಏಳು ವರ್ಷ ಬೆಳಕು ತೋರಿಸಿದ್ದನೇ ಹೊರತು ಆ ಬೆಳಕಲ್ಲಿ ಮಾವ ಏನು ಮಾಡುತ್ತಿದ್ದರೆಂದು ಒಂದು ದಿನವೂ ನೋಡಿರಲಿಲ್ಲ. ಆಯಿಲ್ ಇಳಿಸುವ ಬೋಲ್ಟ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಇನ್ನೂ ಸ್ವಲ್ಪ ತಿರುಗಿಸು... ಬರಲಿ, ಬರಲಿ... ರೈಟ್!" ಕಾಂಪೌಂಡಿನ ಮೇಲಿಂದ ಕಂಡಕ್ಟರು ಕೂಗಿದರು.

"ಮೆಲ್ಲಗೆ ಸಾರ್!" ಎಂದು ಅವನು ಬಾಯಿ ತೆರೆಯುವುದಕ್ಕೂ ಬೋಲ್ಟ್ ಕಳಚುವುದಕ್ಕೂ ಸರಿಹೋಯಿತು. ಅರ್ಧ ಆಯಿಲ್ ಬಕೆಟ್ಟಿಗೆ ಬಿದ್ದರೆ ಮಿಕ್ಕಿದ್ದರಲ್ಲಿ ಒಂದಷ್ಟು ಅಂಗಿಯ ತೋಳಿಗೆ, ಒಂದಷ್ಟು ಕಿವಿಗೆ ಹೋಯಿತು. ಕಾದು ನಿಂತಿದ್ದ ಬಡಗಿ ಬಕೆಟ್ಟನ್ನು ಹಾಗೇ ಎತ್ತಿಕೊಂಡು ಹೋದ. ಬೋಲ್ಟನ್ನು ಮತ್ತೆ ಕೂರಿಸಿ, ಹೊಸ ಆಯಿಲ್ ಸುರಿದು ಕಡ್ಡಿ ಎಳೆದು ನೋಡಿದರೆ, ಆಹಾ, ಅಪ್ಪಟ ಜೇನು!

"ಇಂಜಿನ್ ಒಂದು ಸಲ ಶುರು ಮಾಡಿ ನೋಡಲ್ವಾ?" ಎಂದರು ಕಂಡಕ್ಟರು.

"ಯಾಕ್ ಸಾರ್, ಸುಮ್ನೆ ಬಣ್ಣ ಕೆಡಿಸೋದು? ಮಾವ ಹೀಗೇ ನೋಡಲಿ."

ಸ್ನಾನ ಮಾಡಿ, ಅಂಗಿಯನ್ನು ಸೌದೆಯ ಹಿಂದೆ ತುರುಕಿ ಹೊರಗೆ ಬರುವಷ್ಟರಲ್ಲಿ ಮಾವ ಗೇಟು ತೆರೆಯುತ್ತಿದ್ದರು. ಇನ್ನೂ ನಾಲ್ಕೂವರೆ. ಎಂದಿಗಿಂತ ಮೆತ್ತಗಿದ್ದರು. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ.

"ನಡಿಯಯ್ಯಾ, ನಲವತ್ತು ಮುಗಿಸಿ ಬರೋಣ. ಬಂದ ಮೇಲೆ ನಿನಗೊಂದು ಮಾತು ಹೇಳೋದಿದೆ."

"ಆಯಿಲ್ ನೋಡಲ್ವಾ ಮಾವ?"

"ಬೇಡ ಬಿಡು."

ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. "ಹಾಗಲ್ಲ ಮಾವ, ನೋಡಲೇಬೇಕು!" ಎಂದು ಇವನೇ ಬಾನೆಟ್ ಎತ್ತಿ, ಕಡ್ಡಿ ಎಳೆದು, ಬಹುಮಾನ ಗೆದ್ದವನಂತೆ ಅವರ ಮೂಗಿನ ಮುಂದೆ ಹಿಡಿದ.

ಮಾವ ನೋಡಿದರು. ಕಡ್ಡಿಯನ್ನು ಬಿಸಿಲಿಗೆ ಹಿಡಿದು ಮತ್ತೆ ನೋಡಿದರು. ಆಮೇಲೆ ಅಳಿಯನ ಕಿವಿಯನ್ನು ನೋಡಿದರು. ಅಲ್ಲಿ ಇನ್ನೂ ಒಂದು ಕಪ್ಪು ಹನಿ ಉಳಿದಿತ್ತು.

"ಅಲ್ಲಯ್ಯಾ, ಹೊಸ ಆಯಿಲ್ ಹಾಕಿ ಐದು ನಿಮಿಷ ಓಡಿಸಿದ್ರೂ ಡೀಸೆಲ್ ಇಂಜಿನ್ನಲ್ಲಿ ಅದು ಕಪ್ಪಾಗತ್ತೆ. ಮಸಿ ಇರೋದೇ ಹಾಗೆ. ಕಪ್ಪಗಿದ್ರೆ ಕೆಟ್ಟಿದೆ ಅಂತ ನಿನಗೆ ಯಾರು ಹೇಳಿದ್ದು?"

ಕಾಂಪೌಂಡಿನ ಮೇಲಿದ್ದ ತಲೆ ಸದ್ದಿಲ್ಲದೆ ಮುಳುಗಿತು.

ಮಾವ ಜೇಬಿನಿಂದ ಮಡಿಚಿದ ಕಾಗದ ತೆಗೆದರು. "ಹೋದ ವಾರ ಕಾರು ತಗೊಂಡು ಹೋಗಿದ್ನಲ್ಲ, ಆವಾಗಲೇ ಒಂದು ಶೀಶೆ ಲ್ಯಾಬಿಗೆ ಕಳಿಸಿದ್ದೆ. ತಡ್ಕೊಳ್ಳೋಕೆ ಆಗಲಿಲ್ಲ. ಓದು."

ಅವನು ಓದಿದ. ಆಯಿಲ್ ಚೆನ್ನಾಗಿದೆ, ಇನ್ನೂ ಹತ್ತು ಸಾವಿರ ಕಿಲೋಮೀಟರು ಧಾರಾಳವಾಗಿ ಓಡಿಸಬಹುದು ಎಂದು ಬರೆದಿತ್ತು.

"ಸೋತೆ ಅಂತ ಹೇಳೋಕೇ ಬಂದೆ ಕಣಯ್ಯಾ," ಎಂದು ಮಾವ ಇನ್ನೊಂದು ಜೇಬಿನಿಂದ ಎರಡನೇ ಕೀಲಿ ತೆಗೆದು ತೋರಿಸಿದರು. ತೋರಿಸಿ, ಮತ್ತೆ ಜೇಬಿಗೇ ಇಳಿಸಿದರು. "ನಲವತ್ತು ಕಿಲೋಮೀಟರು. ನಿನ್ನ ಫಿಲ್ಟರನ್ನ ನಾನೂ ನಂಬಿದೆ. ನೀನು ನಂಬಲಿಲ್ಲ."

"ಹಳೇ ಆಯಿಲ್ ಇದೆ ಮಾವ! ವಾಪಸು ಹಾಕ್ತೀನಿ!" ಎಂದು ಅವನು ಬೀದಿಗೆ ಓಡಿದ. ಬಡಗಿ ಕೊನೆಯ ಕಂಬಕ್ಕೆ ಕೊನೆಯ ಕೈ ಬಳಿದು ಬಕೆಟ್ ಬೋರಲು ಹಾಕುತ್ತಿದ್ದ.

"ಭಾರಿ ಒಳ್ಳೇ ಆಯಿಲ್ ಅಣ್ಣ," ಎಂದ ಅವನು. "ಒಂದು ಕಸ ಇಲ್ಲ ನೋಡಿ."

ಕನ್ನಡಕದವನಿಗೆ ಅಳು ಬಂತು. ಅದನ್ನು ನುಂಗಿಕೊಂಡು ವಾಪಸಾದರೆ ಮಾವ ಬಗ್ಗಿ ಕಾರಿನ ಕೆಳಗೆ ನೋಡುತ್ತಿದ್ದರು. ನೆಲದ ಮೇಲೆ ತೊಟ್ಟು ತೊಟ್ಟಾಗಿ ಜೇನಿನ ಬಣ್ಣದ ಆಯಿಲ್ ಬೀಳುತ್ತಿತ್ತು.

"ಬೋಲ್ಟ್ ಬಿಗಿಯಾಗಿಲ್ಲ," ಎಂದರು ಮಾವ, ತೋಳು ಮಡಿಚುತ್ತಾ. "ಮಗಳೇ, ಸ್ಪ್ಯಾನರ್ ತಾಮ್ಮಾ. ಹಾಗೇ ಇವನಿಗೆ ಆ ಟಾರ್ಚ್ ಕೊಡು."

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಕನ್ನಡಕದವನು ಕುಕ್ಕರಗಾಲಲ್ಲಿ ಕೂತು, ಹೇಳುವ ಮೊದಲೇ ಸ್ವಲ್ಪ ಎಡಕ್ಕೆ ಹಿಡಿದ.

"ಬಲಕ್ಕೆ!" ಎಂದರು ಮಾವ.