ನದಿ ಕಾಣುವ ಮನೆ

ನೀರಿಲ್ಲದ ನದಿಯನ್ನು ನಂಬಿದಷ್ಟು ಸುಲಭವಾಗಿ ನಾನು ಮನುಷ್ಯರನ್ನೂ ನಂಬಿದವನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಹಿರಿಯೂರಿನ ಹೊಸ ಬಡಾವಣೆಯಲ್ಲಿ, ವೇದಾವತಿಯ ದಂಡೆಗೇ ಸೈಟು ಕೊಂಡಾಗ ಹೊಳೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಎಮ್ಮೆಗಳು ಜಾಲಿ ನೆರಳಲ್ಲಿ ಮಲಗಿದ್ದವು. ಸೈಟು ಮಾರಿದವನು ನದಿ ಕಾಣುವ ಮನೆಯಾಗುತ್ತದೆ ಸಾರ್ ಎಂದ. ಬಯಲುಸೀಮೆಯವನಿಗೆ ಅಷ್ಟು ಸಾಕು. ನನ್ನ ಹೆಂಡತಿ ಗೌರಮ್ಮ ಮಾತ್ರ, “ನೀರು ಬಂದ್ರೆ ಏನ್ರೀ ಮಾಡಾದು?” ಎಂದು ಕೇಳಿದಳು. ಬರಲಿ ಅಂತಲೇ ಅಲ್ಲವೇ ಇಲ್ಲಿ ಕಟ್ಟುತ್ತಿರುವುದು ಎಂದೆ. ನಾನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ನದಿಯ ಪಾತ್ರ ಎಂದರೇನು ಎಂಬುದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಬಿಡಿಸಿ ಹೇಳುತ್ತಿದ್ದೆ.

ಮನೆ ಕಟ್ಟಿ ಕೆಲವು ವರ್ಷಕ್ಕೆ, ಒಂದು ಮಳೆಗಾಲ, ಮೇಲಿನ ಹಳ್ಳಗಳೆಲ್ಲ ಒಟ್ಟಿಗೆ ತುಂಬಿ ಬಂದವು. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ಗೌರಮ್ಮ ಹಿತ್ತಲಲ್ಲಿ ನೀರು ನಿಂತಿದೆ ಎಂದಳು. ನಾನು ಎರಡನೇ ದೋಸೆ ಮುಗಿಸುವ ಹೊತ್ತಿಗೆ ಅದು ಅಡುಗೆಮನೆಯಲ್ಲಿತ್ತು. ದೇವರ ಫೋಟೊ, ಟೀವಿ, ಅಕ್ಕಿ ಮೂಟೆ ಹೊತ್ತು ತಾರಸಿ ಹತ್ತಿದೆವು. ಅಲ್ಲಿಂದ ನದಿ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ನನ್ನ ಚಪ್ಪಲಿಗಳು ಚಳ್ಳಕೆರೆ ಕಡೆಗೆ ಹೊರಟಿದ್ದೂ ಕಂಡಿತು. ಗೌರಮ್ಮ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಮಧ್ಯಾಹ್ನ ಪುರಸಭೆಯ ಟ್ರ್ಯಾಕ್ಟರ್ ಬಂದು ನಮ್ಮನ್ನು ಇಳಿಸಿಕೊಂಡಿತು.

ಬಾಮೈದ ತಿಪ್ಪೇಸ್ವಾಮಿಯ ಮನೆ ಊರಿನ ಎತ್ತರದ ಭಾಗದಲ್ಲಿದೆ. ಮನೆ ಒಣಗುವವರೆಗೂ ಅಲ್ಲೇ ಇದ್ದೆವು. ಆ ಬೀದಿಗೆ ನಲ್ಲಿಯಿಲ್ಲ. ದೂರದ ಬೋರ್‌ವೆಲ್ಲಿನಿಂದ ಅವನು ಟಿವಿಎಸ್ ಮೇಲೆ ಕೊಡ ಕಟ್ಟಿಕೊಂಡು ನೀರು ತರಬೇಕು. ಹೊಳೆಯಲ್ಲಿ ಮುಳುಗಿದವರು ನಾವು, ನಮ್ಮ ಸ್ನಾನಕ್ಕೆ ನೀರು ಹೊತ್ತವನು ಅವನು. ಪೈಪಿನ ಕೆಲಸ ಮಂಜೂರಾಗಿದೆ, ಸ್ವಲ್ಪ ದಿನದಲ್ಲೇ ನಲ್ಲಿ ಬರುತ್ತದೆ ಎಂದು ಸಂತೋಷದಿಂದ ಹೇಳಿಕೊಳ್ಳುತ್ತಿದ್ದ.

ಮನೆಗೆ ಮರಳಿದ ಮೇಲೆ ಬಡಾವಣೆಯವರೆಲ್ಲ ಸೇರಿ ಹೊಳೆಯ ದಂಡೆಗೆ ತಡೆಗೋಡೆ ಬೇಕೆಂದು ತೀರ್ಮಾನಿಸಿದರು. ಮಾತು ಬಲ್ಲವನೆಂದು ನನ್ನನ್ನೇ ಮುಂದೆ ಬಿಟ್ಟರು. ಪುರಸಭೆಯವರು, ಹಾಗಾದರೆ ಬೇರೆ ಯಾವುದಾದರೂ ಕೆಲಸ ಮುಂದಕ್ಕೆ ಹಾಕಬೇಕಾಗುತ್ತದೆ ಎಂದರು. ಹಾಕಿ ಸಾರ್, ಜೀವ ಮುಖ್ಯ ಎಂದೆ. ಹಿಂದಿದ್ದವರು ಚಪ್ಪಾಳೆ ತಟ್ಟಿದರು.

ಗೋಡೆ ಎದ್ದಿತು. ಕಿಟಕಿ ತೆಗೆದರೆ ಈಗ ಬರೀ ಸಿಮೆಂಟು. ಮಳೆ ಬಂದರೆ ಬೀದಿಯ ನೀರು ಹೊಳೆಗೆ ಹೋಗಲಾರದೆ ಗೋಡೆಯ ಈಚೆಗೇ ನಿಲ್ಲುತ್ತದೆ. ಅದನ್ನು ಎತ್ತಿ ಹಾಕಲು ಪುರಸಭೆ ಡೀಸೆಲ್ ಪಂಪು ಇಟ್ಟಿದೆ. ಆ ಸದ್ದಿಗೆ ಟೀವಿಯೂ ಕೇಳುವುದಿಲ್ಲ. ಇಡೀ ಊರಿನ ಕಂದಾಯ ನಮ್ಮ ಬೀದಿಯಲ್ಲಿ ಹೊಗೆಯಾಗುತ್ತದೆ.

ಮುಂದಕ್ಕೆ ಹೋದ ಕೆಲಸ ಯಾವುದೆಂದು ತಿಳಿದದ್ದು ತಿಪ್ಪೇಸ್ವಾಮಿ ಒಂದು ಬೆಳಿಗ್ಗೆ ಖಾಲಿ ಕೊಡಗಳೊಂದಿಗೆ ನಮ್ಮ ನಲ್ಲಿಯ ಮುಂದೆ ಬಂದು ನಿಂತಾಗ. ಅವರ ಬೋರ್‌ವೆಲ್ ಬತ್ತಿತ್ತು, ಪೈಪು ಬಂದಿರಲಿಲ್ಲ. ಪುರಸಭೆಗೆ ಹೋದವರ ಮುಂದಾಳು ಯಾರೆಂದು ಊರಿಗೇ ಗೊತ್ತಿತ್ತು. ಗೌರಮ್ಮ ಅವನಿಗೆ ಕಾಫಿ ಕೊಟ್ಟಳು, ನನ್ನ ಕಡೆ ನೋಡಲಿಲ್ಲ. ನಾನೇ ಕೊಡ ತುಂಬಿಸಿ ಗಾಡಿಗೆ ಕಟ್ಟಿದೆ. ಅವನು ಜಗಳ ಮಾಡಲಿಲ್ಲ. ಗೋಡೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಹೇಳಿದ:

“ಗಟ್ಟಿಯಾಗೈತೆ ಭಾವ. ಆದ್ರೂ ಮತ್ತೆ ಹೊಳೆ ಬಂದ್ರೆ ನಮ್ಮನೀಗೇ ಬರ್ರಿ. ಬರಾಗ ಸ್ವಲ್ಪ ನೀರು ತಗಂಡು ಬರ್ರಿ.”

ಇಡೀ ಬಡಾವಣೆಯ ಪರವಾಗಿ ಮಾತಾಡಿ ಗೆದ್ದು ಬಂದಿದ್ದ ನಾನು ಒಳಗಿಂದ ಇನ್ನೊಂದು ಕೊಡ ತಂದು ನಲ್ಲಿಯ ಕೆಳಗೆ ಇಟ್ಟೆ.