ನಾನು ಮೈದಾ ಅಂಟು ಹಾಕಿ ಮುಚ್ಚಿದ ಸುದ್ದಿ

ಯಾವ ಕೆಲಸವನ್ನೇ ಆಗಲಿ ಸರಿಯಾದ ಹೊತ್ತಿಗೆ, ಸರಿಯಾದ ಕ್ರಮದಲ್ಲಿ ಮಾಡಿದರೆ ಅದರಿಂದ ತೊಂದರೆ ಹುಟ್ಟುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಐದಕ್ಕೆ ಏಳುವುದು, ತಣ್ಣೀರ ಸ್ನಾನ, ಗೆರೆ ಕೆಡದ ಪಂಚೆ, ಗಂಟೆ ಹೊಡೆಯುವ ಮೊದಲೇ ತರಗತಿಯ ಬಾಗಿಲು. ಹೀಗೆ ಬಾಳಿದವನಿಗೆ ಮಕ್ಕಳ ಪತ್ರಿಕೆಯೊಂದನ್ನು ನೋಡಿಕೊಳ್ಳುವುದು ಏನು ಮಹಾ?

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಪೌರನೀತಿ ಹೇಳಿಕೊಡುತ್ತಿದ್ದೆ. ಮಕ್ಕಳು ಡ್ರಾಯಿಂಗ್ ಶೀಟಿನ ಮೇಲೆ ಕೈಯಲ್ಲೇ ಬರೆದು, ಸೋಮವಾರ ಸೋಮವಾರ ವರಾಂಡದ ಹಲಗೆಗೆ ಹಚ್ಚುವ ಗೋಡೆ ಪತ್ರಿಕೆ ಒಂದಿತ್ತು. ಸಂಪಾದಕಿ ಎಸ್ಸೆಸ್ಸೆಲ್ಸಿಯ ಜಯಮ್ಮ. ಓದುಗರು ಜಯಮ್ಮ ಮತ್ತು ಜಯಮ್ಮನ ಗೆಳತಿ.

ಒಂದು ದಿನ ಹೆಡ್ಮಾಸ್ತರರು ನನ್ನನ್ನು ಕರೆದರು. "ಮೇಷ್ಟ್ರೇ, ಹುಡುಗರು ಏನಾದರೂ ಬರೆದುಬಿಟ್ಟಾರು. ಹಚ್ಚುವ ಮೊದಲು ನೀವೊಮ್ಮೆ ನೋಡಿ. ನಿಮ್ಮಷ್ಟು ಶಿಸ್ತಿನವರು ಇನ್ಯಾರಿದ್ದಾರೆ?"

ನಾನು ಹೊಗಳಿಕೆಗೆ ಉಬ್ಬುವ ಮನುಷ್ಯನಲ್ಲ. ಆದರೂ ಸ್ವಲ್ಪ ಉಬ್ಬಿದೆ.

ಅಂದೇ ನಿಯಮಗಳನ್ನು ರಚಿಸಿದೆ. ಪತ್ರಿಕೆಯಲ್ಲಿ ವ್ಯಕ್ತಿಗಳ ವಿಷಯ ಬರಕೂಡದು. ಸರ್ಕಾರ ಬರಕೂಡದು. ಯಾವ ಬಗೆಯ ದೂರೂ ಬರಕೂಡದು. ತೆಗೆದುಹಾಕಿದ ಬರಹದಲ್ಲಿ ಏನಿತ್ತೆಂದು ಯಾರಿಗೂ ಹೇಳಕೂಡದು. ಈ ಕೊನೆಯ ನಿಯಮದ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು.

ಜಯಮ್ಮ ಎಲ್ಲವನ್ನೂ ಕೇಳಿಕೊಂಡು, "ಸಾರ್, ಮಳೆ ಬಗ್ಗೆ ಬರೀಬಹುದಾ?" ಎಂದಳು.

"ಧಾರಾಳವಾಗಿ ಬರಿ."

"ಮಳೆ ಬಂದ್ರೆ ನಮ್ಮ ಕ್ಲಾಸು ಸೋರುತ್ತೆ ಅಂತ?"

"ಮಳೆ ಆಕಾಶದಲ್ಲಿರುವ ತನಕ ಬರಿ. ಹೆಂಚಿನಿಂದ ಕೆಳಗೆ ಇಳಿಸಬೇಡ."

"ವಾಕ್ ಸ್ವಾತಂತ್ರ್ಯದ ಪಾಠ ನೀವೇ ಮಾಡಿದ್ರಲ್ಲ ಸಾರ್?"

"ಅದು ಪರೀಕ್ಷೆಗೆ!"

ಮುಂದಿನ ಸಂಚಿಕೆ ನನ್ನ ಕೈಗೆ ಬಂತು. ಸುತ್ತ ಸುಭಾಷಿತ, ಒಗಟು, ನುಗ್ಗೇಹಳ್ಳಿ ದೇವಸ್ಥಾನದ ಪ್ರವಾಸ; ಎಲ್ಲ ನಿರಪಾಯ. ನಡುಮಧ್ಯದ ಚೌಕದಲ್ಲಿ ಮಾತ್ರ 'ನಮ್ಮ ಗುಡಾಣದ ಕಪ್ಪೆ' ಎಂಬ ಬರಹ. ಕುಡಿಯುವ ನೀರಿನ ಗುಡಾಣಕ್ಕೆ ಮುಚ್ಚಳವಿಲ್ಲ, ಒಳಗೊಂದು ಕಪ್ಪೆ ಸಂಸಾರ ಹೂಡಿದೆ, ಚಿಕ್ಕ ಮಕ್ಕಳಿಗೆ ಹೊಟ್ಟೆನೋವು, ಎಷ್ಟು ಸಲ ಕೇಳಿದರೂ ಮುಚ್ಚಳ ಬಂದಿಲ್ಲ, ದಯಮಾಡಿ ತರಿಸಿಕೊಡಿ. ಇಷ್ಟೇ. ಒಂದು ಕೆಟ್ಟ ಮಾತಿಲ್ಲ.

ಆದರೆ ದೂರು ದೂರೇ! ನಿಯಮ ನಿಯಮವೇ!

ಮತ್ತೆ ಬರೆಸಲು ಹೊತ್ತಿರಲಿಲ್ಲ. ಚೌಕದ ಅಳತೆಗೆ ಬಿಳಿ ಹಾಳೆ ಕತ್ತರಿಸಿದೆ. ಮೈದಾಹಿಟ್ಟು ಕುದಿಸಿ, ಹುಳು ಹಿಡಿಯದಂತೆ ಚೂರು ಮೈಲುತುತ್ತ ಸೇರಿಸಿ, ನಾನೇ ಅಂಟು ಮಾಡಿದೆ. ಸುಕ್ಕಿಲ್ಲದೆ, ಗುಳ್ಳೆಯಿಲ್ಲದೆ ಅಂಟಿಸಿದೆ. ಹಿಂದೆ ಸರಿದು ನಿಂತು ನೋಡಿದೆ. ಎಷ್ಟು ಚೊಕ್ಕಟ!

ಸೋಮವಾರ ಶಾಲೆಗೆ ಬಂದರೆ ಹಲಗೆಯ ಮುಂದೆ ಜಾತ್ರೆ. ಪತ್ರಿಕೆ ಹುಟ್ಟಿದಾಗಿನಿಂದ ಅಷ್ಟು ಓದುಗರು ಬಂದಿರಲಿಲ್ಲ. ಎಲ್ಲರೂ ಓದುತ್ತಿದ್ದದ್ದು ಬಿಳಿ ಹಾಳೆಯನ್ನು! ಒಬ್ಬ ಓರೆಯಾಗಿ ನೋಡಿದ. ಒಬ್ಬ ಮೂಸಿದ. ಎಂಟನೇ ಕ್ಲಾಸಿನವನೊಬ್ಬ ನೆಕ್ಕಿ ನೋಡಿ, "ಸಪ್ಪೆ ಕಣ್ಲಾ" ಎಂದು ವರದಿ ಕೊಟ್ಟ. ಸಂಜೆಯ ಹೊತ್ತಿಗೆ ಸಂತೆಗೆ ಬಂದವರೂ ಒಳಗೆ ಹೊಕ್ಕು ನೋಡಿ ಹೋದರು.

ಊಟಕ್ಕೆ ಕೂತಾಗ ನನ್ನ ಹೆಂಡತಿ ಗಿರಿಜೆ ಕೇಳಿದಳು. "ಏನೂಂದ್ರೆ, ಅದೇನೋ ಮುಚ್ಚಿಟ್ಟಿದೀರಂತೆ? ಬಾವಿ ಹತ್ರ ಎಲ್ಲಾರೂ ನನ್ನೇ ಕೇಳ್ತಾರೆ."

"ಹೇಳೋ ಹಾಗಿಲ್ಲ."

"ನಂಗೂ?"

"ನಿಯಮ."

"ಹಾಗಾದ್ರೆ ಸಾರಿಗೆ ಉಪ್ಪು ಹಾಕಿದೀನೋ ಇಲ್ವೋ, ನಾನೂ ಹೇಳೋ ಹಾಗಿಲ್ಲ."

ಹಾಕಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಯ ದಾರಿಯಲ್ಲಿ ಹೋಟೆಲಿನ ನಂಜುಂಡಪ್ಪ ಅಡ್ಡ ನಿಂತ. ನಮ್ಮ ಶಾಲೆಗೆ ಕಾಫಿ ಬರುತ್ತಿದ್ದದ್ದು ಅವನಿಂದಲೇ.

"ಸಾ, ನನ್ ಓಟ್ಲು ಇಚಾರ ಬರ್ದಿದ್ರಂತಲ್ಲ?"

"ಏನು ಬರೆದಿದ್ದರೆಂದು ಹೇಳುವ ಹಾಗಿಲ್ಲ ನಂಜುಂಡಪ್ಪ."

ಅವನ ಮುಖ ಸೊಪ್ಪಾಯಿತು. "ಗೊತ್ತಾಯ್ತು ಬುಡಿ. ಆಲಿಗೆ ನೀರು ಎಲ್ಲಾರೂ ಆಕ್ತಾರೆ ಸಾ. ನಾನೊಬ್ನೇನಾ?"

ಅವತ್ತಿನಿಂದ ಕಾಫಿ ಗಟ್ಟಿಯಾಯಿತು.

ಆಮೇಲೆ ಹೆಡ್ಮಾಸ್ತರರು. ಅವರ ಸಂಸಾರ ಚನ್ನರಾಯಪಟ್ಟಣದಲ್ಲಿತ್ತು. ಸೋಮವಾರ ಅವರ ಬಸ್ಸು ನಮ್ಮೂರು ಸೇರುವಾಗ ಮಧ್ಯಾಹ್ನದ ಗಂಟೆಯಾಗಿರುತ್ತಿತ್ತು. ಕೋಣೆಯ ಬಾಗಿಲು ಹಾಕಿ, "ನನ್ನ ಬಸ್ಸಿನ ವಿಷಯವೇ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು. "ಬೇಡ, ಹೇಳಬೇಡಿ. ಗೊತ್ತಾದರೆ ಕ್ರಮ ತೆಗೆದುಕೊಳ್ಳಬೇಕಾಗುತ್ತೆ. ಅದೂ ನನ್ನ ಮೇಲೆ!"

ಮುಂದಿನ ವಾರ ಅವರು ಭಾನುವಾರ ರಾತ್ರಿಯೇ ಬಂದಿಳಿದರು.

ಅದರ ಮರುದಿನ ಬೆಳಿಗ್ಗೆ ನೋಡಿದರೆ ವರಾಂಡದಲ್ಲಿ ಬೆಂಚುಗಳ ರಾಶಿ. ಶಾಲಾ ಸಮಿತಿಯ ಅಧ್ಯಕ್ಷ ಮರಿಸ್ವಾಮಪ್ಪನವರು, ಅರಕಲಗೂಡು ಕಡೆಯ ದೊಡ್ಡ ಹೊಗೆಸೊಪ್ಪಿನ ವ್ಯಾಪಾರಿ, ಮಗಳ ಮದುವೆಗೆಂದು ಒಯ್ದಿದ್ದ ನಮ್ಮ ಬೆಂಚುಗಳು. ಮಗಳಿಗೆ ಮಗುವಾಗಿತ್ತು, ಬೆಂಚು ಬಂದಿರಲಿಲ್ಲ. ಈಗ ಯಾರೂ ಕೇಳದೆ ಗಾಡಿಯಲ್ಲಿ ಬಂದಿದ್ದವು, ಅರಿಸಿನದ ಕಲೆಯ ಸಮೇತ.

ಬೆಂಚಿನ ಹಿಂದೆಯೇ ಮರಿಸ್ವಾಮಪ್ಪನವರೂ ಬಂದರು.

"ಬರೆದೋರು ಯಾರ್ರೀ? ಆ ಸಂಪಾದಕಿ ಹುಡುಗೀನೇ ತಾನೆ? ಅವಳಿಗೆ ನಡತೆ ಸರ್ಟಿಫಿಕೇಟು ಕೊಡಬ್ಯಾಡಿ! ಪತ್ರಿಕೆ ಮುಚ್ಚಿಬುಡಿ!"

ಆ ಕಾಗದವಿಲ್ಲದಿದ್ದರೆ ಜಯಮ್ಮನಿಗೆ ಹಾಸನದ ಕಾಲೇಜಿನ ಬಾಗಿಲು ಮುಚ್ಚಿದಂತೆಯೇ. ಅವಳ ಮನೆಯಲ್ಲಿ ಕಾಲೇಜು ಓದಲು ಹೊರಟವಳು ಅವಳೊಬ್ಬಳೇ. ಜೀವಮಾನದಲ್ಲಿ ಮೊದಲ ಬಾರಿಗೆ ನಿಯಮ ಮುರಿದೆ.

"ಸ್ವಾಮಿ, ಅದು ತಮ್ಮ ವಿಷಯವಲ್ಲ. ಬರೀ ಕಪ್ಪೆಯ ವಿಷಯ."

ಮರಿಸ್ವಾಮಪ್ಪನವರು ಗುಂಡಗೆ ಕುಳ್ಳಗೆ ಇದ್ದದ್ದು, ಕಣ್ಣು ಕೊಂಚ ಮುಂದಕ್ಕಿದ್ದದ್ದು, ಕತ್ತು ಇಲ್ಲವೇ ಇಲ್ಲ ಎನ್ನುವಷ್ಟಿದ್ದದ್ದು ನನ್ನ ಗಮನಕ್ಕೆ ಬಂದದ್ದು ಆಗಲೇ.

"ಕಪ್ಪೆ ಅಂತ ಯಾರಿಗ್ರೀ ಅಂದಿದ್ದು?"

ಮರುದಿನ ಸಮಿತಿ ಸೇರಿತು. ಹೋದ ವಾರದ ಸಂಚಿಕೆ ತರಿಸಿ, ಬಿಳಿ ಹಾಳೆ ಕಿತ್ತು ಕೆಳಗಿನ ಬರಹ ನೋಡುವುದೆಂದು ತೀರ್ಮಾನವಾಯಿತು. ನಾನು ನಿಟ್ಟುಸಿರು ಬಿಟ್ಟೆ. ಇನ್ನೇನು, ಸತ್ಯ ಹೊರಬೀಳುತ್ತದೆ.

ಬೀಳಲಿಲ್ಲ. ಅಂಟು ನನ್ನದು! ಉಗುರಿನಿಂದ ಕೆರೆದೆವು. ಒದ್ದೆ ಬಟ್ಟೆ ಇಟ್ಟೆವು. ನಂಜುಂಡಪ್ಪ ಕೆಟಲಿನಲ್ಲಿ ನೀರು ಕುದಿಸಿ ತಂದು ಹಬೆ ಹಿಡಿದ. ಹೆಡ್ಮಾಸ್ತರರು ಬೆವರುತ್ತ, "ಇಷ್ಟು ಭದ್ರವಾಗಿ ಯಾಕ್ರೀ ಅಂಟಿಸಿದಿರಿ?" ಎಂದರು. ಕೊನೆಗೆ ಹಾಳೆ ಬಂತು, ಅಕ್ಷರಗಳನ್ನೂ ಎಳೆದುಕೊಂಡು ಬಂತು. ಉಳಿದದ್ದು ಒಂದು ನೀಲಿ ಕಲೆ. ಅದು ಬೆಂಚಿನ ಹಾಗೂ ಕಾಣುತ್ತಿತ್ತು, ಬಸ್ಸಿನ ಹಾಗೂ ಕಾಣುತ್ತಿತ್ತು. ಕಪ್ಪೆಯ ಹಾಗೆ ಮಾತ್ರ ಕಾಣುತ್ತಿರಲಿಲ್ಲ.

"ಸಾಕ್ಷಿ ಅಳಿಸಿಬುಟ್ರಿ!" ಎಂದು ಮರಿಸ್ವಾಮಪ್ಪನವರು ಮೇಜು ಗುದ್ದಿದರು. ನಾನು ಕುರ್ಚಿಯಲ್ಲಿ ಕುಸಿದೆ. ಅಷ್ಟು ಸುಸ್ತು ನನಗೆ ಶಾಲೆಯ ಕವಾಯತಿನಲ್ಲೂ ಆಗಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಜಯಮ್ಮ ಮೆಲ್ಲಗೆ ಹೇಳಿದಳು. "ಸಾರ್, ಬರಹ ಹೋದ್ರೆ ಹೋಗ್ಲಿ. ಕಪ್ಪೆ ಅಲ್ಲೇ ಇದೆಯಲ್ಲ. ನೋಡ್ಬಹುದಲ್ಲ?"

ಇಷ್ಟು ದಿನ ಇಷ್ಟು ಜನಕ್ಕೆ ಇದು ಹೊಳೆದಿರಲಿಲ್ಲ! ಪೌರನೀತಿ ಕಲಿಸುವವನಿಗೂ!

ಸಮಿತಿ ಸಮಿತಿಯೇ ಎದ್ದು ಗುಡಾಣದತ್ತ ನಡೆಯಿತು. ಎಲ್ಲರೂ ಬಗ್ಗಿದರು. ಕಪ್ಪೆ ನೆಮ್ಮದಿಯಾಗಿ ತೇಲುತ್ತಿತ್ತು. ಅದು ಅಧ್ಯಕ್ಷರನ್ನು ನೋಡಿತು. ಅಧ್ಯಕ್ಷರು ಅದನ್ನು ನೋಡಿದರು.

"ಇಷ್ಟೇನಾ?"

"ಇಷ್ಟೇ ಸ್ವಾಮಿ."

ಲೆಕ್ಕ ಒಬ್ಬೊಬ್ಬರ ತಲೆಗೂ ಇಳಿಯುತ್ತಿತ್ತು.

"ಅಂಗಾದ್ರೆ ನನ್ ಬೆಂಚು?" ಎಂದರು ಮರಿಸ್ವಾಮಪ್ಪ.

"ಹಾಗಾದರೆ ನಾನು ಭಾನುವಾರವೇ ಬರಬೇಕಾಗಿರಲಿಲ್ಲ!" ಎಂದರು ಹೆಡ್ಮಾಸ್ತರರು.

"ಅಯ್ಯೋ, ಗಟ್ಟಿ ಆಲು ಉಯ್ದು ಉಯ್ದು ಮನೆ ಆಳಾಯ್ತಲ್ಲಪ್ಪಾ!" ಎಂದ ಕೆಟಲು ಹಿಡಿದ ನಂಜುಂಡಪ್ಪ.

ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಕಪ್ಪೆಯನ್ನು ಅವರು ಇದಕ್ಕಿಂತ ಪ್ರೀತಿಯಿಂದ ನೋಡಿದ್ದರು.

ಬೆಂಚುಗಳ ಮೇಲೆ ಆಗಲೇ ಮಕ್ಕಳು ಕೂತಿದ್ದರಿಂದ ಅವು ಉಳಿದುಕೊಂಡವು. ಕಾಫಿ ಮರುದಿನವೇ ತೆಳ್ಳಗಾಯಿತು. ಹೆಡ್ಮಾಸ್ತರರು ತಮ್ಮ ಹಳೆಯ ಬಸ್ಸಿಗೆ ಮರಳಿದರು. ಆದರೆ ಅಷ್ಟು ಜನ ಕಣ್ಣಾರೆ ಕಂಡಮೇಲೆ ಸುಮ್ಮನಿರುವುದು ಹೇಗೆ? ಸಂಜೆಯೊಳಗೆ ಗುಡಾಣಕ್ಕೆ ಮರದ ಮುಚ್ಚಳ ಬಂತು. ಜಯಮ್ಮನ ಸರ್ಟಿಫಿಕೇಟಿನಲ್ಲಿ 'ಉತ್ತಮ ನಡತೆ' ಎಂದೇ ಬರೆದರು. ಇನ್ನು ಮುಂದೆ ಪತ್ರಿಕೆಯನ್ನು ಯಾರೂ ತಿದ್ದಬಾರದೆಂದು ಅವಳು ಕೇಳಿದಾಗ ಹೆಡ್ಮಾಸ್ತರರು ಕೂಡಲೇ ಒಪ್ಪಿದರು. "ಹುಡುಗರು ಬರೆದರೆ ಒಬ್ಬರಿಗೆ ನೋವಾಗುತ್ತೆ ಕಣಮ್ಮ. ಈ ಮೇಷ್ಟ್ರು ಅಳಿಸಿದರೆ ಊರಿಗೇ ಆಗುತ್ತೆ."

ಜಯಮ್ಮ ಒಳ್ಳೆಯ ಹುಡುಗಿ. ನನ್ನ ಬಾಡಿದ ಮುಖ ನೋಡಿ, "ಸಾರ್, ಈ ವಾರ ಮಧ್ಯದ ಚೌಕ ನಿಮಗೆ. ಏನು ಬೇಕಾದ್ರೂ ಬರೀರಿ, ನಾವು ಮೇಲೆ ಹಾಳೆ ಅಂಟಿಸಲ್ಲ" ಎಂದಳು.

'ಶಿಸ್ತಿನ ಮಹತ್ವ' ಎಂದು ಬರೆದೆ. ಬರೆದು, ತಿದ್ದಿ, ಮತ್ತೆ ಬರೆದು, ದುಂಡಗಿನ ಅಕ್ಷರದಲ್ಲಿ ಪ್ರತಿ ತೆಗೆದೆ. ಸೋಮವಾರ ಕಂಬದ ಹಿಂದೆ ನಿಂತು ಕಾದೆ. ಯಾರೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಕಾಫಿ ತಂದ ನಂಜುಂಡಪ್ಪ ನಿಂತ. ಒಂದೆರಡು ಸಾಲು ಓದಿದ. ಆಕಳಿಸಿದ.

ನಾನು ಕಂಬ ಬಿಟ್ಟು ಈಚೆಗೆ ಬಂದೆ. "ಹೇಗಿದೆ?"

"ಸಂದಾಗೈತೆ ಸಾ." ತಲೆ ಕೆರೆದುಕೊಂಡ. "ಆದ್ರೆ ಬೇಜಾರು ಮಾಡ್ಕಬ್ಯಾಡಿ. ಬರೀ ಬಿಳಿ ಆಳೆ ಇತ್ತಲ್ಲ, ಅವಾಗ ಗಂಟೆಗಟ್ಟಲೆ ನಿಂತ್ಕಂಡು ಓದಿದ್ದೆ."

ಆಮೇಲೂ ನಾನು ಹಲವು ಲೇಖನ ಬರೆದಿದ್ದೇನೆ. ಜನ ನಿಂತು ಓದಿದ ನನ್ನ ಕೃತಿ ಇವತ್ತಿಗೂ ಅದೊಂದೇ!